ಮುಂದಿನ ಖಾನೆಯ ನಲವತ್ತು ಪದಗಳು

"ಅದು ನನ್ನ ಕುರ್ಚಿ!"

ಗ್ರಂಥಾಲಯದ ಓದುವ ಕೋಣೆಯಲ್ಲಿ ಅಷ್ಟು ಜೋರಾಗಿ ಮಾತಾಡಬಾರದು ಅಂತ ನಮ್ಮ ಹುಡುಗಿಗೂ ಗೊತ್ತಿತ್ತು. ಆದರೂ ಬಾಯಿಂದ ಬಂದೇಬಿಟ್ಟಿತು.

ಕುರ್ಚಿಯಲ್ಲಿದ್ದವಳು ತಲೆಯೆತ್ತಿ ನಕ್ಕಳು. ಎಂಥಾ ಸಾಲು ಹಲ್ಲು! ಇರದೇ ಏನು, ಹಲ್ಲಿನ ಡಾಕ್ಟರ್ ಅಲ್ಲವೇ! ಇವರ ಇಂಗ್ಲಿಷ್ ಕೋಚಿಂಗ್ ಕ್ಲಾಸಿಗೆ ಹೋದ ವಾರವಷ್ಟೇ ಸೇರಿದವಳು. ಎದುರಿಗೆ ಕೂತಿದ್ದ ಹುಡುಗನತ್ತ ಕೈ ತೋರಿಸಿದಳು.

"ಸಾರಿ, ನೀವು ಬರೋದು ಲೇಟಾಯ್ತಲ್ಲ... ಇವರ ಪದಗಳ ಅರ್ಥ ನಾನೇ ಕೇಳಿದೆ. ಅರ್ಧ ಗಂಟೇಲಿ ಎಲ್ಲಾ ಮುಗೀತು!"

ಎಲ್ಲಾ? ಅರ್ಧ ಗಂಟೆಯಲ್ಲಿ?

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಆ ಹುಡುಗನ ಮುಖ ಪೆಚ್ಚಾಗಿತ್ತು. ಡಾಕ್ಟರ್ ಬ್ಯಾಗ್ ಎತ್ತಿಕೊಂಡು ಹೊರಟಳು. ನಮ್ಮ ಹುಡುಗಿ ಮೇಜಿನ ಮೇಲಿದ್ದ ಅವನ ಪದಗಳ ಡಬ್ಬಿ ತೆರೆದು ನೋಡಿದಳು.

ಭಾನುವಾರ ಇಬ್ಬರಿಗೂ ಇಂಗ್ಲಿಷ್ ಪರೀಕ್ಷೆ. ಅದು ಪಾಸಾದರೆ ಮುಂದಿನ ಓದಿಗೆ ಸೀಟು. ಕಷ್ಟದ ಪದಗಳನ್ನೆಲ್ಲ ಕಾರ್ಡಿನಲ್ಲಿ ಬರೆದು, ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಕೇಳಬೇಕು. ಬಾರದ ಪದ ಡಬ್ಬಿಯ ಮುಂದಿನ ಖಾನೆಗೆ, ಬಂದ ಪದ ಹಿಂದಿನ ಖಾನೆಗೆ. ಅವಳದೆಲ್ಲ ಎಂದೋ ಹಿಂದಕ್ಕೆ ಹೋಗಿತ್ತು. ಅವನ ನಲವತ್ತು ಪದ ಮಾತ್ರ ಮೂರು ತಿಂಗಳಿಂದ ಅಲ್ಲಾಡಿರಲಿಲ್ಲ!

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಕಾಲು ಸೋತಿದ್ದರೂ, ಅವನು ಎಲ್ಲಿ ಫೇಲಾಗುತ್ತಾನೋ ಅಂತ ಸಂಜೆ ಇಲ್ಲಿಗೆ ಓಡಿ ಬರುತ್ತಿದ್ದಳು. ಚಿತ್ರ ಬರೆದಳು, ನಟಿಸಿ ತೋರಿಸಿದಳು. 'ಬರ್ತಾ ಇಲ್ಲ ಕಣ್ರೀ' ಅಂತ ಅವನು ತಲೆ ಕೆರೆದುಕೊಳ್ಳುತ್ತಿದ್ದ.

ಈಗ ಮುಂದಿನ ಖಾನೆ ಖಾಲಿ. ಒಂದೇ ಒಂದು ಕಾರ್ಡೂ ಇಲ್ಲ!

ಅವಳು ಡಬ್ಬಿಯನ್ನು ಅವನತ್ತ ತಳ್ಳಿದಳು. 'ನಾನು ಮೂರು ತಿಂಗಳು ಗಂಟಲು ಹರಕೊಂಡೆ. ಅವಳು ಹಲ್ಲು ಬಿಟ್ಟಳು, ಇವನಿಗೆ ಎಲ್ಲಾ ಬಂತು...'

"ಒಳ್ಳೇದಾಯ್ತು ಬಿಡಿ. ಇನ್ಮೇಲೆ ಅವರ ಹತ್ರಾನೇ ಕಲೀರಿ."

"ಅಯ್ಯೋ, ಹಾಗಲ್ಲ ರೀ..."

"ಹಾಗಲ್ಲದೆ ಇನ್ನು ಹೇಗೆ? ಸರಿ, ನಾನೂ ನೋಡೇ ಬಿಡ್ತೀನಿ." ಅವಳು ಹಿಂದಿನ ಖಾನೆಗೆ ಕೈ ಹಾಕಿ ಆ ನಲವತ್ತರಲ್ಲೇ ಒಂದು ಕಾರ್ಡ್ ಎಳೆದಳು. "ಲೊಕ್ವೇಷಸ್?"

"ಬಾಯಿಬಡುಕ."

ಥಟ್ಟನೆ ಬಂತು ಉತ್ತರ! ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಇಂಡಿಗ್ನೆಂಟ್?"

"ಅನ್ಯಾಯ ಆಯ್ತು ಅಂತ ಸಿಟ್ಟಾದವರು. ಈಗ... ನೀವು."

"ತಮಾಷೆ ಬೇಡ! ಡಿಸೆಂಬಲ್?"

ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಮನಸ್ಸಲ್ಲಿ ಇರೋದನ್ನ ಮುಚ್ಚಿಟ್ಟು ನಟಿಸೋದು. ಮೂರು ತಿಂಗಳಿಂದ ನಾನು ಮಾಡ್ತಾ ಇದ್ದಿದ್ದು ಅದನ್ನೇ ರೀ."

"ಅಂದ್ರೆ?"

"ಮೊದಲ ವಾರದಲ್ಲೇ ಎಲ್ಲಾ ಬರ್ತಿತ್ತು. ಆದರೆ ಆ ಖಾನೆ ಖಾಲಿಯಾದ್ರೆ ನೀವು ನಾಳೆಯಿಂದ ಯಾಕೆ ಬರ್ತೀರಿ?"

ಅವಳಿಗೆ ಇವನೆದುರು ಒಂಟಿ ಕಾಲಲ್ಲಿ ಕೊಕ್ಕರೆ ಹಾಗೆ ನಿಂತು ಅರ್ಥ ಹೇಳಿಕೊಟ್ಟಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

"ನನ್ನನ್ನ ಕೋತಿ ಥರ ಕುಣಿಸಿದ್ರಾ! ಮತ್ತೆ ಆ ಡಾಕ್ಟರಿಗೆ ಮಾತ್ರ ಸರಿಯಾಗಿ ಹೇಳಿದ್ರಲ್ಲ?"

"ಅವರು ತಾವಾಗೇ ಬಂದು ಕೂತ್ರು, ಬೇಡ ಅನ್ನೋಕಾಗಲಿಲ್ಲ. ಸರಿಯಾಗಿ ಹೇಳಿದ್ರೆ ಬೇಗ ಎದ್ದು ಹೋಗ್ತಾರೆ, ನೀವು ಬರೋದ್ರೊಳಗೆ ಜಾಗ ಖಾಲಿಯಾಗತ್ತೆ ಅಂತ... ತಪ್ಪಾಯ್ತು. ನಿಮ್ಮ ಎಷ್ಟೋ ಸಂಜೆ ಹಾಳು ಮಾಡಿದೆ."

"ಹಾಳು ಅಂತ ನಾನು ಅಂದ್ನಾ?" ಅವಳು ದುಪಟ್ಟಾದ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. "ಅವಳನ್ನ ಇಲ್ಲಿ ನೋಡಿದಾಗ ನಿಮ್ಮ ಪರೀಕ್ಷೆ ನೆನಪಿಗೇ ಬರಲಿಲ್ಲ ರೀ. ಹೊಟ್ಟೆ ಉರಿದುಹೋಯ್ತು. ಯಾಕೆ ಅಂತ ಬಿಡಿಸಿ ಹೇಳ್ಬೇಕಾ?"

ಅವನ ಮುಖ ಅರಳಿತು. ಮೇಜಿನ ಮೇಲಿದ್ದ ಅವಳ ಕೈಯನ್ನು ಮೆಲ್ಲಗೆ ಮುಟ್ಟಿದ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಭಾನುವಾರ ಪರೀಕ್ಷೆ ಮುಗಿದುಹೋಗತ್ತೆ. ಸೋಮವಾರ ಏನು ನೆಪ ಹೇಳ್ಕೊಂಡು ಬರಲಿ?" ಅಂದಳು.

"ನೆಪ ಯಾಕೆ? ನನ್ನನ್ನ ನೋಡೋಕೆ ಬಂದೆ ಅಂತ ಹೇಳಿ."

"ನಿಮ್ಮನ್ನ ನೋಡೋಕೆ ಬಂದೆ."

"ಇವತ್ತಲ್ಲ ರೀ... ಸೋಮವಾರ!"

"ಇವತ್ತೂ ಅದಕ್ಕೇ ಬಂದಿದ್ದು."