ಮುಷ್ಟಿಯಲ್ಲಿದ್ದ ಕರಿಮಣಿ

ಅತ್ತೆಯ ಎದೆಯ ಕ್ಯಾನ್ಸರ್ ಗಡ್ಡೆಗೆ ಮದ್ದು ಹಿಡಿಯುತ್ತಿದೆಯೋ ಇಲ್ಲವೋ ಎಂದು ನೋಡಲು ಅಂದು ಎರಡನೇ ಸ್ಕ್ಯಾನ್. ಲೋಹ ಕೂಡದೆಂದು ಕರಿಮಣಿ ಬಿಚ್ಚಿಸಿದರು. ಬರಿಗೊರಳು ಬೇಡವೆಂದು ನಾನು ಅರಿಸಿನದ ದಾರ ಕಟ್ಟಿದೆ.

"ನಿನ್ನ ಮಾವನಿಗೆ ಹೇಳ್ಬೇಡ ಮಾರಾಯ್ತಿ, ಹೋಟೆಲು ಬಿಟ್ಟು ಓಡಿ ಬಂದಾರು," ಎಂದು ನಕ್ಕು ಅತ್ತೆ ಒಳಗೆ ಹೋದರು.

ಕಲ್ಕತ್ತೆಯ ಬೈಶಾಖದ ಸೆಖೆ. ಆದರೂ ನನ್ನ ಮುಷ್ಟಿಯೊಳಗಿನ ಕರಿಮಣಿ ತಣ್ಣಗಾಗುತ್ತ ಹೋಗಿ ಬೆರಳು ಮರಗಟ್ಟಿದವು.

ಸ್ಕ್ಯಾನ್ ಮಾಡುವವನು ಇಣುಕಿದ. "ದೀದಿ, ಸರ ಯಾಕೆ ಬಿಚ್ಚಿಸಿಲ್ಲ?"

ಮುಷ್ಟಿ ಬಿಡಿಸಿ ತೋರಿಸಿದೆ. ಅವನು ಒಳಗೆ ಹೋಗಿ ಮತ್ತೊಮ್ಮೆ ಸ್ಕ್ಯಾನ್ ತೆಗೆದ. ಆ ಫಿಲ್ಮಿನಲ್ಲೂ ಎದೆಯ ಮೇಲೆ ಮಣಿಗಳು ಬೆಳ್ಳಗೆ ಸಾಲಾಗಿದ್ದವು.

ಡಾಕ್ಟರು ಗಡ್ಡೆಯನ್ನಷ್ಟೇ ನೋಡಿದರು. "ಅರ್ಧ ಕರಗಿದೆ. ಮದ್ದು ಹಿಡಿದಿದೆ."

ಅತ್ತೆ ಬದುಕಿದರು. ಈಗ ನಾನೇ ಅವರಿಗೆ ಸ್ನಾನ ಮಾಡಿಸುತ್ತೇನೆ. ಎಷ್ಟು ಬಿಸಿನೀರು ಹೊಯ್ದರೂ ಅವರ ಕೊರಳಿನ ಆ ಕರಿಮಣಿ ಬೆಚ್ಚಗಾಗುವುದಿಲ್ಲ.