ಬಲಮೂಲೆಯ ಕೆಂಪು ಚುಕ್ಕಿ

"ಈ ಕ್ಯಾಮೆರಾ ನಿಮಗೆ ಬೇಡ."

ಅಂಗಡಿಯವನ ಮಾತು ಕೇಳಿ ಅವಳ ಮೈಯೆಲ್ಲಾ ಉರಿದುಹೋಯಿತು. ಅಲ್ಲ, ಗಾಜಿನ ಕಪಾಟಿನ ತುಂಬ ಕ್ಯಾಮೆರಾ ಜೋಡಿಸಿಟ್ಟುಕೊಂಡು, ಕೊಳ್ಳಲು ಬಂದವಳಿಗೆ ಬೇಡ ಅನ್ನುವುದೆಂದರೆ!

"ಯಾಕ್ರೀ? ನನ್ನ ಕೈಗೆ ಬಂದ್ರೆ ಕೆಟ್ಟುಹೋಗುತ್ತಾ?"

"ಹಾಗಲ್ಲ ಮೇಡಂ. ನಿಮ್ಮ ಹಳೇದು ಚೆನ್ನಾಗೇ ಇದೆ. ಹಕ್ಕಿ ಇಷ್ಟು ಚಿಕ್ಕದಾಗಿ ಬರ್ತಿರೋದು ಲೆನ್ಸ್ ಸಾಲದೆ. ದೂರದ್ದನ್ನ ಹತ್ತಿರ ತರೋ ಲೆನ್ಸ್ ಹಾಕಿ ನೋಡಿ. ಆಮೇಲೂ ಹೊಸದು ಬೇಕು ಅನ್ನಿಸಿದ್ರೆ ಬನ್ನಿ."

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಹಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಹಗಲೆಲ್ಲಾ "ಬಾಯಿ ತೆಗೀರಿ, ಅಲ್ಲಾಡಬೇಡಿ" ಅಂತ ಹೇಳಿ ಹೇಳಿ ಬೇಸತ್ತು, ಅಲ್ಲಾಡುವ ಜೀವಗಳ ಫೋಟೋ ತೆಗೆಯುವ ಹುಚ್ಚು ಹಿಡಿಸಿಕೊಂಡಿದ್ದಳು. ರಜೆ ಬಂತೆಂದರೆ ಕೆರೆ ದಂಡೆಯಲ್ಲಿ ಹಾಜರು.

"ಹಲ್ಲಿಲ್ಲದ ಹಕ್ಕಿಗಳನ್ನೇ ನೋಡ್ಕೊಂಡಿದ್ರೆ ನಿನಗೆ ಮದುವೆ ಆಗುತ್ತೇನೇ?" ಅಂತ ಅಮ್ಮ ಗೊಣಗುತ್ತಲೇ ಇದ್ದರು.

ಅಂಗಡಿಯವನು ಅವಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ.

"ಬಲಗಡೆ ಕೆಳಮೂಲೆಯಲ್ಲಿ ಈ ಕೆಂಪು ಚುಕ್ಕಿ ನೋಡಿದ್ರಾ? ಎಲ್ಲಾ ಫೋಟೋದಲ್ಲೂ ಅದೇ ಜಾಗದಲ್ಲಿದೆ. ಕ್ಯಾಮೆರಾ ಒಳಗೆ ಸಾಸಿವೆಗಿಂತ ಚಿಕ್ಕ ಜಾಗ ಎಲ್ಲೋ ಕೆಟ್ಟಿದೆ. ಮನುಷ್ಯರಿಗೆ ಮಚ್ಚೆ ಇರುತ್ತಲ್ಲ, ಹಾಗೆ."

"ಅಯ್ಯೋ! ಹೋಗಲ್ವಾ?"

"ಕಂಪ್ಯೂಟರಲ್ಲಿ ಒರೆಸಬಹುದು, ಬನ್ನಿ ತೋರಿಸ್ತೀನಿ."

ಗಲ್ಲಾದ ಮುಂದಿದ್ದ, ಕಾಲಿಗೆ ನೀಲಿ ಟೇಪು ಸುತ್ತಿದ ಸ್ಟೂಲನ್ನು ಅವಳ ಕಡೆ ಸರಿಸಿದ. ಅಂದಿನಿಂದ ಅವನ ಬಾಯಲ್ಲಿ ಅವಳು 'ಚುಕ್ಕಿ' ಆದಳು. ಆ ಸ್ಟೂಲೂ ಅವಳದೇ ಆಯಿತು.

ಸಂಜೆ ಆಸ್ಪತ್ರೆ ಮುಗಿಸಿ ನೇರ ಅಂಗಡಿಗೆ ಬರುವಳು. ಹೊಸ ಲೆನ್ಸಿನಲ್ಲಿ ತೆಗೆದದ್ದನ್ನು ತೋರಿಸುವಳು. ಎದ್ದು ಹೋಗುವಾಗ ಕಪಾಟಿನ ಕ್ಯಾಮೆರಾ ಕಡೆ ಬೆರಳು ತೋರಿಸಿ, "ಈಗಾದ್ರೂ ಕೊಡ್ತೀರಾ?" ಅನ್ನುವಳು.

"ಅದರ ಬ್ಯಾಟರಿ ಬೇಗ ಇಳಿಯುತ್ತೆ ಚುಕ್ಕಿ."

ಇನ್ನೊಂದು ಸಂಜೆ, "ಅದು ತುಂಬಾ ಭಾರ, ಕತ್ತು ನೋಯುತ್ತೆ."

ಮತ್ತೊಂದು ಸಂಜೆ, "ಸ್ವಲ್ಪ ತಡೀರಿ, ಇದಕ್ಕಿಂತ ಒಳ್ಳೇದು ಬರೋದ್ರಲ್ಲಿದೆ."

ಇವನೆಂಥಾ ವ್ಯಾಪಾರಿ ಅಂತ ಅವಳು ಒಳಗೊಳಗೇ ನಗುತ್ತಿದ್ದಳು. ನಿಜ ಹೇಳಬೇಕೆಂದರೆ, ಅವಳಿಗೂ ಕ್ಯಾಮೆರಾದ ಅವಸರ ಹೋಗಿಬಿಟ್ಟಿತ್ತು...

ಆದರೆ ಒಂದು ಸಂಜೆ ಅವಳು ಬಾಗಿಲಲ್ಲಿ ಕಾಲಿಡುವಾಗಲೇ ಅವನ ಮಾತು ಕಿವಿಗೆ ಬಿತ್ತು.

"ಕಣ್ಣು ಮುಚ್ಚಿ ತಗೊಳ್ಳಿ ಸರ್! ಬ್ಯಾಟರಿ ದಿನವಿಡೀ ಬರುತ್ತೆ, ಹಗುರ ಬೇರೆ. ಒಂದೇ ಒಂದು ದೋಷ ಇಲ್ಲ."

ಯಾರೋ ಗಿರಾಕಿಯ ಕೈಯಲ್ಲಿ ಅದೇ ಕ್ಯಾಮೆರಾ!

ಅವಳು ಬಾಗಿಲಲ್ಲೇ ನಿಂತಳು. 'ಅಂದ್ರೆ ದೋಷ ಕ್ಯಾಮೆರಾದಲ್ಲಿಲ್ಲ. ನನ್ನಲ್ಲಿ! ಇವಳಿಗ್ಯಾಕೆ ಅಷ್ಟು ಒಳ್ಳೇದು ಅಂತ ಇಷ್ಟು ದಿನ ಆಟ ಆಡಿಸಿದ್ದಾನೆ. ನಾನೊಬ್ಬಳು ಪೆದ್ದಿ, ಏನೇನೋ ಅಂದ್ಕೊಂಡೆ...'

ಸದ್ದಿಲ್ಲದೆ ಹಿಂತಿರುಗಿದಳು. ಮರುದಿನ ಅವನು ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡು ಬಂದು, ಗಲ್ಲಾದಲ್ಲಿದ್ದ ಅವನ ಅಕ್ಕನ ಕೈಗೆ ಹಳೆಯ ಕ್ಯಾಮೆರಾ ಕೊಟ್ಟು, ಬದಲಿಗೆ ಅಂಥದ್ದೇ ಹೊಸದೊಂದನ್ನು ಕೊಂಡುಹೋದಳು.

ಹೊಸದು ನಿಜಕ್ಕೂ ಚೆನ್ನಾಗಿತ್ತು. ಹಾರುವ ಹಕ್ಕಿಯ ಕಣ್ಣನ್ನೇ ಹಿಡಿಯುತ್ತಿತ್ತು. ಚುಕ್ಕಿ ಇರಲಿಲ್ಲ, ಒರೆಸುವ ಕೆಲಸವೂ ಇರಲಿಲ್ಲ. ಆದರೆ ಯಾರಿಗೆ ತೋರಿಸುವುದು? ಅವನು ಒಂದು ಫೋನೂ ಮಾಡಲಿಲ್ಲ. ಹಟ ಹಿಡಿದು ಅವಳೂ ಮಾಡಲಿಲ್ಲ.

ಕೊನೆಗೆ ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿ ಹಳೆಯ ಕ್ಯಾಮೆರಾ ಕೇಳಿದಳು.

"ಅದು ಬಂದ ದಿನವೇ ಮಾರಿಹೋಯ್ತಲ್ಲಮ್ಮಾ..."

ಫೋನ್ ಇಟ್ಟವಳ ಕಣ್ಣು ತುಂಬಿ ಬಂತು. ಹೋಯಿತು, ಅದೂ ಹೋಯಿತು.

ಛಾಯಾಚಿತ್ರ ಸಂಘದ ಪ್ರದರ್ಶನ ಗ್ರಂಥಾಲಯದ ಸಭಾಂಗಣದಲ್ಲಿತ್ತು. ಅವಳ ಮಿಂಚುಳ್ಳಿ ಫೋಟೋಗೂ ಒಂದು ಜಾಗ ಸಿಕ್ಕಿತ್ತು. ಬಂದವರೆಲ್ಲ ಹೊಗಳಿದರು. ಅವಳು ಸುಮ್ಮನೆ ತಲೆಯಾಡಿಸುತ್ತಾ ಮುಂದೆ ನಡೆದು, ಕೊನೆಯ ಗೋಡೆಯ ಹತ್ತಿರ ನಿಂತುಬಿಟ್ಟಳು.

ಖಾಲಿ ಸ್ಟೂಲಿನ ಫೋಟೋ. ಮೇಲೆ ಸಂಜೆ ಬೆಳಕು. ಕಾಲಿಗೆ ನೀಲಿ ಟೇಪು.

ಬಲಗಡೆ ಕೆಳಮೂಲೆಯಲ್ಲಿ... ಕೆಂಪು ಚುಕ್ಕಿ!

ಅವಳ ಕ್ಯಾಮೆರಾ! ಒರೆಸುವುದು ಹೇಗೆಂದು ಕಲಿಸಿಕೊಟ್ಟವನೇ ಒರೆಸದೆ ಬಿಟ್ಟಿದ್ದ.

ಅಂಗಡಿ ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು. ಲೆನ್ಸ್ ಒರೆಸುತ್ತಾ ಕೂತಿದ್ದ ಅವನು ದಡಬಡಿಸಿ ಎದ್ದು ನಿಂತ.

"ನನ್ನ ಕ್ಯಾಮೆರಾ ಕೊಂಡಿದ್ದು ನೀವಾ?"

ಅವನು ತಲೆ ತಗ್ಗಿಸಿದ. "ಬೇರೆಯವರ ಕೈಗೆ ಹೋಗೋದು ನೋಡೋಕಾಗ್ಲಿಲ್ಲ."

"ಮತ್ತೆ ಒಂದು ಫೋನ್ ಮಾಡೋಕೇನಾಗಿತ್ತು?"

"ನಾನಿಲ್ಲದ ಹೊತ್ತು ನೋಡಿ ಬಂದು ತಗೊಂಡು ಹೋದ್ರಿ. ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅಂದ್ಕೊಂಡೆ. ಏನಂತ ಫೋನ್ ಮಾಡ್ಲಿ?"

"ಎಲ್ಲರಿಗೂ ಹೊಗಳಿ ಮಾರ್ತೀರಿ, ನನಗೆ ಮಾತ್ರ ನೂರೆಂಟು ದೋಷ ಹೇಳ್ತೀರಿ. ನನಗೆ ಅದು ಹೆಚ್ಚಾಯ್ತು ಅಂತ ತಾನೇ?" ಅವಳು ಕಣ್ಣೊರೆಸಿಕೊಂಡಳು.

"ಅಯ್ಯೋ ಚುಕ್ಕಿ!" ಅವನು ಗಾಬರಿಬಿದ್ದ. "ಮೊದಲ ದಿನ ಹೇಳಿದ್ದು ನಿಜ. ಆಮೇಲೆ ಹೇಳಿದ್ದೆಲ್ಲಾ ಬರೀ ಸುಳ್ಳು. ಕ್ಯಾಮೆರಾ ಸಿಕ್ಕಿಬಿಟ್ರೆ ನೀವು ಯಾಕೆ ಬರ್ತೀರಿ ಇಲ್ಲಿಗೆ? ಅದೊಂದೇ ಭಯ ನನಗೆ. ನೀವಂದ್ರೆ... ತುಂಬಾ ಇಷ್ಟ."

ಒಳಕೋಣೆಯಿಂದ ಅಕ್ಕನ ದನಿ ಕೇಳಿಸಿತು. "ಅಬ್ಬಾ, ಬಾಯಿ ಬಿಟ್ಟನಲ್ಲಾ ಮಹಾರಾಯ!"

ಅವಳು ಅಳುತ್ತಲೇ ನಕ್ಕಳು.

"ನನ್ನ ಹಳೇ ಕ್ಯಾಮೆರಾ ವಾಪಸ್ ಕೊಡಿ."

"ಕೊಡ್ತೀನಿ. ಆದ್ರೆ ಜೊತೆಗೆ ಅಂಗಡಿಯವನನ್ನೂ ತಗೋಬೇಕಾಗುತ್ತೆ."

"ಹೌದಾ? ಅವನಲ್ಲಿ ದೋಷ ಏನೇನಿದೆ, ಮೊದಲು ಹೇಳಿ."

"ಬೇಕಾದಷ್ಟಿದೆ. ಒಂದೇ ದಿನದಲ್ಲಿ ಹೇಳಿ ಮುಗಿಯಲ್ಲ ಚುಕ್ಕಿ. ದಿನಾ ಬರ್ಬೇಕಾಗುತ್ತೆ."

ಅವಳು ಸ್ಟೂಲನ್ನು ಎಳೆದುಕೊಂಡು ಕೂತಳು.

"ಸರಿ. ಇವತ್ತಿಂದ್ಲೇ ಶುರು ಮಾಡಿ."