ಹಾಲವ್ವನ ತವರಿನ ಕಿಟಕಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಗುರುಶಾಂತವ್ವ. ಸಂಜೆ ದೇವರ ಗೂಡಿನ ಮುಂದೆ ಕೂತು ಹೂಬತ್ತಿ ಹೊಸೆಯುತ್ತ ಹೇಳುವರು. ಹತ್ತಿ ಮುಗಿದರೆ ಕತೆ ನಿಲ್ಲುವುದು. ಅದಕ್ಕೇ ನಾವು ಮಕ್ಕಳು ಹತ್ತಿ ತಂದು ತಂದು ಅವರ ಮಡಿಲಿಗೆ ಹಾಕುತ್ತಿದ್ದೆವು. ಶಿವನನ್ನು ನೆನೆದು ನಾನೂ ಅಷ್ಟೇ ನಿಧಾನವಾಗಿ ಹೇಳುತ್ತೇನೆ.

ಬಹಳ ಹಿಂದೆ ಹೊಂಬೆಳಗು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹಳೆಯ ಮನೆ ಬಿಚ್ಚಿದರೆ ಕಿಟಕಿಯನ್ನು ಒಲೆಗೆ ಹಾಕುತ್ತಿರಲಿಲ್ಲ. ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವರು. ಆದರೆ ಅದಕ್ಕೆ ಮೊದಲು, ಆ ಕಿಟಕಿಯಲ್ಲಿ ನಿಂತು ನೋಡಿದ ಮನೆಯವರೇ ಅದಕ್ಕೆ ಅರಿಸಿನ ಹಚ್ಚಿ ಒಂದು ಮಾತು ಹೇಳಬೇಕು: "ನೀನು ನೋಡಿದ್ದು ಸಾಕು ತಾಯಿ. ಇನ್ನು ನೀನು ಇಂಥದ್ದು." ಕಪಾಟು ಮಾಡುವುದಾದರೆ ಕಪಾಟು ಎನ್ನಬೇಕು, ಮಣೆಯಾದರೆ ಮಣೆ ಎನ್ನಬೇಕು. ಹೇಳದಿದ್ದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಹೇಳುತ್ತಿದ್ದರಲ್ಲ!

ಒಂದು ವರ್ಷ ಹೊಳೆ ಉಕ್ಕಿ ದಂಡೆಯ ಊರೆಲ್ಲ ಕೊಚ್ಚಿಹೋಯಿತು. ಮಬ್ಬಯ್ಯ ಎಂಬ ಮಾಂತ್ರಿಕ ಬಿದ್ದ ಮನೆಗಳ ಕಿಟಕಿಗಳನ್ನು ಕಿತ್ತು, ಗಾಡಿಗೆ ಹೇರಿಕೊಂಡು ಊರೂರು ತಿರುಗಿದ.

"ಏನೂ ಕೊಡಬೇಡಿ. ಆಗಾಗ ಅದರೊಳಗೆ ನೋಡುತ್ತಿರಿ, ಸಾಕು" ಎನ್ನುತ್ತಿದ್ದ.

ಹೊಸ ಮನೆ ಕಟ್ಟಿಕೊಂಡಿದ್ದ ಕರಿಬಸವನಿಗೆ ಖುಷಿಯಾಯಿತು. ಮೂರು ಕಿಟಕಿ ಇಳಿಸಿಕೊಂಡ. ಒಂದಕ್ಕೆ ಹಲಗೆ ಬಡಿದು ತಟ್ಟೆ ಜೋಡಿಸುವ ಕಪಾಟು ಮಾಡಿದ. ಒಂದಕ್ಕೆ ಕಾಲು ಹಚ್ಚಿ ಜಗುಲಿಗೆ ಕೂರುಮಣೆ ಮಾಡಿದ. ಮೂರನೆಯದು ಕದಕ್ಕೆ ನವಿಲು ಕೆತ್ತಿದ ಚಂದದ ಕಿಟಕಿ. ಅದಕ್ಕೆ ಗುರುತೇ ಸಿಗದ ಹಾಗೆ ಹೊಸ ಬಣ್ಣ ಬಳಿದು, ಹಿಂದೆ ಹೊಳೆಯುವ ಕಂಚಿನ ತಗಡು ಕೂಡಿಸಿ, ಹೆಂಡತಿ ಹಾಲವ್ವನಿಗೆ ಕನ್ನಡಿ ಮಾಡಿ ಗೋಡೆಗೆ ತೂಗುಹಾಕಿದ.

ಹಾಲವ್ವ ಕೇಳಿದಳು, "ಮಾತು ಹೇಳಿಸಿದಿರಾ?"

"ಆ ಮನೆಯವರನ್ನ ಎಲ್ಲಿ ಅಂತ ಹುಡುಕಲಿ? ಮರ ಕಣೇ ಅದು. ಅದಕ್ಕೇನು ಕಿವಿ ಇದೆಯಾ?"

"ನಿಮಗೆ ಎರಡಿವೆ. ಏನು ಉಪಯೋಗ?" ಎಂದಳು ಹಾಲವ್ವ.

ಮಾರನೆಯ ದಿನದಿಂದಲೇ ಗಲಿಬಿಲಿ ಶುರುವಾಯಿತು. ಕಪಾಟು ತೆರೆದರೆ ತಟ್ಟೆಗಳ ಹಿಂದೆ ಯಾವುದೋ ಊರಿನ ಮಳೆ. ಕೂರುಮಣೆಯ ಮೇಲೆ ಕೂತರೆ ಕೆಳಗಿನಿಂದ ಯಾರದೋ ಆಡು ಬ್ಯಾ ಎನ್ನುವುದು. ಬಗ್ಗಿ ನೋಡಿದರೆ ಆಡಿಲ್ಲ. ರಾಜ್ಯವೆಲ್ಲ ಹೀಗೇ ಆಯಿತು. ಕೆಲವರು ಕಿಟಕಿಯೊಳಗೆ ನೋಡುತ್ತ ನೋಡುತ್ತ ಅಲ್ಲೇ ಕಾಣೆಯಾದರು. ಅರಮನೆಗೂ ಹಳೆಯ ಕಿಟಕಿಯ ಅಲಂಕಾರ ಬಂದಿತ್ತು. ಒಂದು ಕಾಲಕ್ಕೆ ಪಡುವಣಕ್ಕೆ ಮುಖ ಮಾಡಿದ್ದ ಕಿಟಕಿ ರಾಜನ ಮಂಚದ ತಲೆದೆಸೆ ಸೇರಿತ್ತು. ಅದರಲ್ಲಿ ಸೂರ್ಯ ಮುಳುಗುವುದನ್ನು ನೋಡಿ ರಾಜ ಮುಂಜಾನೆಯೇ ಊಟ ಮುಗಿಸಿ ಮಲಗುತ್ತಿದ್ದ. ಮಂತ್ರಿಗಳು ಎದ್ದಿರಬೇಕೋ ಮಲಗಬೇಕೋ ತಿಳಿಯದೆ ಬಾಗಿಲಲ್ಲಿ ನಿಂತೇ ತೂಕಡಿಸಿದರು.

ಒಂದು ಬೆಳಿಗ್ಗೆ ಹಾಲವ್ವ ತಲೆ ಬಾಚಲು ಕನ್ನಡಿಯ ಮುಂದೆ ನಿಂತಳು. ಅಲ್ಲಿ ಅವಳ ಮುಖ ಕಾಣಲಿಲ್ಲ. ಹೊಳೆ ಕೊಂಡೊಯ್ದ ಅವಳ ತವರುಮನೆಯ ಅಂಗಳ ಕಂಡಿತು. ಅಂಗಳದಲ್ಲಿ, ಹೊಳೆಯ ಪಾಲಾದ ಅವಳ ತಾಯಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಹಾಲೀ, ಒಲೆ ಮೇಲಿಂದು ಸೀಯ್ತದೆ, ಬಾರೇ" ಎಂದಳು ತಾಯಿ.

"ಬಂದೆ ಅವ್ವಾ" ಎಂದು ಹಾಲವ್ವ ಕೈ ಚಾಚಿದಳು. ಕೈ ಒಳಗೆ ಹೋಯಿತು, ಅವಳೂ ಹೋದಳು. ಕದ ಮುಚ್ಚಿಕೊಂಡಿತು. ಬಾಚಣಿಗೆ ಮಾತ್ರ ನೆಲದ ಮೇಲೆ ಬಿತ್ತು.

ಕರಿಬಸವ ಕದ ಬಡಿದ, ತಳ್ಳಿದ, ಅತ್ತ. ಕದ ಅಲುಗಲಿಲ್ಲ. ಕೊನೆಗೆ ಹಣೆಗೆ ವಿಭೂತಿ ಹಚ್ಚಿಕೊಂಡು, ತಟ್ಟೆಗಳನ್ನೆಲ್ಲ ಕೆಳಗಿಟ್ಟು, ಕಪಾಟಿನೊಳಗೆ ನುಗ್ಗಿದ.

ನುಗ್ಗಿದವನು ಮೇಲಿನಿಂದ ಬಿದ್ದ. ಅಲ್ಲಿ ಗೋಡೆಗಳಿರಲಿಲ್ಲ, ಬರೀ ಕಿಟಕಿಗಳು. ಬಯಲಿನ ತುಂಬ, ಆಕಾಶದ ತುಂಬ ಕಿಟಕಿಗಳು. ಮುಂದೆ ನಡೆದರೆ ಹಿಂದೆ ಬಂದಂತಾಗುವುದು. ಯಾವುದು ಒಳಗೆ, ಯಾವುದು ಹೊರಗೆ, ಅವನಿಗೆ ತಿಳಿಯದಾಯಿತು.

ಮೊದಲು ಒಂದು ಮುರಿದ ಚೌಕಟ್ಟು ಅಡ್ಡ ಬಂತು. ಅದರ ಮೇಲೆ ಮೊಸಳೆಯಷ್ಟು ದೊಡ್ಡ ಹಲ್ಲಿ.

"ನಾನು ಕೂತ ಗೋಡೆ ಎಲ್ಲಿ? ಹೇಳದಿದ್ದರೆ ನುಂಗುತ್ತೇನೆ" ಎಂದಿತು ಹಲ್ಲಿ.

ಕರಿಬಸವ ಹಣೆಯ ವಿಭೂತಿ ತೆಗೆದು ಚೌಕಟ್ಟಿಗೆ ಹಚ್ಚಿ, "ನೀನು ನೋಡಿದ್ದು ಸಾಕು ತಾಯಿ. ಇನ್ನು ನೀನು ಹೀರೆಬಳ್ಳಿ ಹಬ್ಬುವ ಚಪ್ಪರ" ಎಂದ.

"ಏನಂದೆ? ನೋಡಿದ್ದು ಸಾಕು, ಇನ್ನು ಚಪ್ಪರವೇ?" ಎಂದು ಹಲ್ಲಿ ತನ್ನಷ್ಟಕ್ಕೆ ಹೇಳಿಕೊಂಡಿತು. ಆ ಕ್ಷಣವೇ ಚೌಕಟ್ಟಿಗೆ ಬಳ್ಳಿ ಹಬ್ಬಿ ಹಳದಿ ಹೂ ಬಿಟ್ಟಿತು. ಹಲ್ಲಿ ಬೆರಳುದ್ದವಾಗಿ, ಲೊಚಲೊಚ ಎಂದು ಎಲೆಯೊಳಗೆ ಸರಿಯಿತು.

ಆಮೇಲೆ ಒಂದು ಅಗಲವಾದ ಕಿಟಕಿ ಅಡ್ಡ ಬಂತು. ಅದರ ಆಚೆ ಒಂದು ಎತ್ತಿನ ತಲೆ, ಈಚೆ ಅದೇ ಎತ್ತಿನ ಮೈ. ಕೊಂಬಿನಲ್ಲಿ ಬೆಂಕಿ.

"ಅಣ್ಣಾ, ನಾನು ಒಳಗಿದ್ದೇನೋ ಹೊರಗಿದ್ದೇನೋ? ಹೇಳದಿದ್ದರೆ ತಿವಿಯುತ್ತೇನೆ."

"ನನಗೇ ಗೊತ್ತಿಲ್ಲಪ್ಪ" ಎಂದ ಕರಿಬಸವ. ಆದರೂ ವಿಭೂತಿ ಹಚ್ಚಿ, "ನೀನು ನೋಡಿದ್ದು ಸಾಕು ತಾಯಿ. ಇನ್ನು ನೀನು ಮೇವು ಹಾಕುವ ಗೋದಲಿ" ಎಂದ.

"ನೋಡಿದ್ದು ಸಾಕು, ಇನ್ನು ಗೋದಲಿ! ಗೋದಲಿ!" ಎಂದು ಎತ್ತು ಹಿಗ್ಗಿತು. ಕಿಟಕಿ ಮಲಗಿ ಗೋದಲಿಯಾಯಿತು. ಬೆಂಕಿ ಆರಿ, ಎತ್ತು ತಲೆ ತಗ್ಗಿಸಿ ಹುಲ್ಲು ತಿಂದಿತು.

ಮೂರನೆಯದು ನವಿಲಿನ ಕಿಟಕಿ. ಅದರ ಮೇಲೆ ಮಬ್ಬಯ್ಯ ಹೊಗೆಯಂತೆ ಕೂತಿದ್ದ. ಕಿಟಕಿಯ ಆಚೆ ಹಾಲವ್ವ ತಾಯಿಯ ಪಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬೆರಳ ತುದಿಗಳು ಆಗಲೇ ಮಂಜಾಗಿದ್ದವು.

"ಹಿಂದಿನದನ್ನು ನೋಡುವವರ ಕಣ್ಣೇ ನನಗೆ ಅನ್ನ. ಸಂಜೆಯೊಳಗೆ ಇವಳೂ ಮಂಜಾಗುತ್ತಾಳೆ" ಎಂದ ಮಬ್ಬಯ್ಯ.

ಕರಿಬಸವ ಉಳಿದಿದ್ದ ವಿಭೂತಿಯನ್ನೆಲ್ಲ ಹಚ್ಚಿ ಮಾತು ಹೇಳಿದ. ಏನೂ ಆಗಲಿಲ್ಲ. ಮತ್ತೆ ಹೇಳಿದ, ಕೂಗಿ ಹೇಳಿದ. ಮಬ್ಬಯ್ಯ ಹೊಟ್ಟೆ ಹಿಡಿದು ನಕ್ಕ.

ಕರಿಬಸವ ಅಲ್ಲೇ ಕೂತ. ಎರಡು ಸಲ ಆದದ್ದು ಈಗೇಕೆ ಆಗದು? ಶಿವಾ ಎಂದು ಕಣ್ಣು ಮುಚ್ಚಿದ. ಆಗ ನೆನಪಾಯಿತು. ಹಲ್ಲಿ ಮಾತನ್ನು ತಾನೇ ಹೇಳಿತ್ತು. ಎತ್ತೂ ತಾನೇ ಹೇಳಿತ್ತು. ಆ ಕಿಟಕಿಗಳಲ್ಲಿ ನೋಡಿದ್ದವು ಅವೇ. ಇದರಲ್ಲಿ ನೋಡಿದವಳು ಹಾಲವ್ವ.

"ಹಾಲವ್ವಾ, ಇದು ನಿನ್ನ ತವರಿನ ಕಿಟಕಿ. ಮಾತು ನೀನೇ ಹೇಳಬೇಕು!"

"ಹೇಳಿದರೆ ಅವ್ವ ಹೋಗುತ್ತಾಳೆ. ನೀವೂ ಇಲ್ಲೇ ಬನ್ನಿ" ಎಂದಳು ಅವಳು, ತಿರುಗಿಯೂ ನೋಡದೆ.

ಕರಿಬಸವ ಕೈ ಚಾಚಿದ. ಎಳೆದು ತರಲು ಕೈ ಎಟುಕದು. ತಡೆದು ತಡೆದು ಹೇಳಿದ, "ಆಯಿತು. ಅವ್ವನ್ನ ಒಂದು ಮಾತು ಕೇಳು. ನಮ್ಮ ಹೊಸ ಮನೆ ಹೇಗಿದೆ ಅಂತ ಕೇಳು."

"ಅವ್ವಾ, ನಮ್ಮ ಮನೆ ಚಂದ ಇದೆಯಾ?"

"ಹಾಲೀ, ಒಲೆ ಮೇಲಿಂದು ಸೀಯ್ತದೆ, ಬಾರೇ."

"ಅವ್ವಾ, ನನ್ನ ಗಂಡ ಬಂದಿದ್ದಾರೆ, ನೋಡು."

"ಹಾಲೀ, ಒಲೆ ಮೇಲಿಂದು ಸೀಯ್ತದೆ, ಬಾರೇ."

ಹಾಲವ್ವ ಬಹಳ ಹೊತ್ತು ತಾಯಿಯ ಮುಖ ನೋಡಿದಳು. ಇದು ಅವ್ವನಲ್ಲ, ಕಿಟಕಿ ಒಂದು ದಿನ ಕಂಡದ್ದು, ಅಷ್ಟೇ. ಅವಳು ಕೆನ್ನೆಯ ಅರಿಸಿನವನ್ನು ಬೆರಳಿಗೆ ತೆಗೆದು ಕಿಟಕಿಗೆ ಹಚ್ಚಿದಳು.

"ನೀನು ನೋಡಿದ್ದು ಸಾಕು ತಾಯಿ" ಎಂದಳು. "ಇನ್ನು ನೀನು ನಮ್ಮ ದೇವರ ಗೂಡಿನ ಕದ. ದಿನಾ ನಿನ್ನ ಮುಂದೆ ದೀಪ ಹಚ್ಚುತ್ತೇನೆ."

ಅಂಗಳ ಮಾಸಿತು. ಹೊಗೆ ಹೋಗಲು ದಾರಿ ಸಿಕ್ಕಂತೆ ಮಬ್ಬಯ್ಯ ತೆಳ್ಳಗಾಗಿ, ಕಿಟಕಿಯಿಂದ ಹೊರಟು, ಇಲ್ಲವಾದ. ಗಂಡಹೆಂಡಿರು ತಮ್ಮ ನಡುಮನೆಯಲ್ಲಿ, ಕೆಳಗಿಟ್ಟ ತಟ್ಟೆಗಳ ನಡುವೆ ನಿಂತಿದ್ದರು.

ರಾಜ್ಯದಲ್ಲಿ ಕಿಟಕಿಗಳೊಳಗೆ ಸಿಕ್ಕಿಬಿದ್ದವರೆಲ್ಲ ಹೊರಬಂದರು. ಒಬ್ಬ ಕ್ಷೌರಿಕ ಯಾರದೋ ಕಪಾಟಿನಿಂದ ಇಳಿದು, "ಇದು ಯಾವ ಬೀದಿ?" ಎಂದು ಕೇಳುತ್ತ ಹೋದ. ರಾಜ ಹಗಲಲ್ಲಿ ಎದ್ದ. ಕಿಟಕಿಗಳಿಗೆ ಅವುಗಳ ಮನೆಯವರನ್ನು ಹುಡುಕಿ ತಂದು ಮಾತು ಹೇಳಿಸಿದರು. ಕಪಾಟು ಕಪಾಟಾಯಿತು, ಮಣೆ ಮಣೆಯಾಯಿತು. ಎಲ್ಲರೂ ನೆಮ್ಮದಿಯಾಗಿ ಬಾಳಿದರು.

ಹಾಲವ್ವ ದಿನವೂ ದೇವರ ಗೂಡಿನ ಮುಂದೆ ದೀಪ ಹಚ್ಚಿದಳು. ನವಿಲಿನ ಕದ ತೆರೆದರೆ ಒಳಗೆ ಲಿಂಗ, ಹೂವು, ಬೆಳಕು. ಅಡುಗೆ ಸೀಯುವ ವಾಸನೆ ಬಂದಾಗ ಮಾತ್ರ ಅವಳು ಒಂದು ಗಳಿಗೆ ಕದದ ಕಡೆ ತಿರುಗುತ್ತಿದ್ದಳಂತೆ. ತಿರುಗಿ, ಒಲೆಯ ಹತ್ತಿರ ಓಡುತ್ತಿದ್ದಳಂತೆ.

ನೀವೂ ಹಳೆಯ ಕಿಟಕಿಯನ್ನು ಮನೆಗೆ ತಂದು ಏನಾದರೂ ಮಾಡುವಾಗ ಈ ಕತೆಯನ್ನು ಪಕ್ಕದಲ್ಲಿದ್ದವರಿಗೆ ಹೇಳಿರಿ. ಅವರು ಇನ್ನೊಬ್ಬರಿಗೆ ಹೇಳಲಿ. ನಮ್ಮ ಗುರುಶಾಂತವ್ವ ಕೊನೆಯ ಬತ್ತಿ ಹೊಸೆದು ನನ್ನ ಕೈಗಿಟ್ಟು ಕೇಳಿಕೊಂಡದ್ದು ಇಷ್ಟೇ.